ಹತ್ತನೆಯ ತೋಳು

ಲಸಿಕೆಯ ಒಂದು ಸೀಸೆ ತೆರೆದರೆ ಹತ್ತು ತೋಳು ಸಿಗಲೇಬೇಕು. ಮುಚ್ಚಳಕ್ಕೆ ಮೊದಲ ಸೂಜಿ ಇಳಿದ ಗಳಿಗೆಯಿಂದ ನಾಲ್ಕು ಗಂಟೆ. ಅಷ್ಟರೊಳಗೆ ಹತ್ತು ಜನರ ಮೈ ಸೇರದಿದ್ದರೆ ಉಳಿದದ್ದು ಕಸದ ಡಬ್ಬಿಗೆ. ಕಸಕ್ಕೆ ಹೋದ ಒಂದೊಂದು ಡೋಸಿಗೂ ಡಾಕ್ಟರಮ್ಮನಿಗೆ ಮೇಲಿನವರಿಂದ ಬೈಗುಳ, ಡಾಕ್ಟರಮ್ಮನಿಂದ ನರ್ಸಮ್ಮನಿಗೆ ಬೈಗುಳ. ಆ ಆರೋಗ್ಯ ಕೇಂದ್ರದಲ್ಲಿ ಸಂಬಳ ಮೇಲಿನಿಂದ ಇಳಿಯುವಾಗ ದಾರಿಯಲ್ಲಿ ಸವೆದು ಹೋಗುತ್ತಿತ್ತು, ಬೈಗುಳ ಮಾತ್ರ ಸವೆಯದೆ ಬಂದು ತಲುಪುತ್ತಿತ್ತು. ಎಲ್ಲರಿಗಿಂತ ಕೆಳಗೆ ನಿಂತವಳು ನರ್ಸಮ್ಮ. ಆರು ತಿಂಗಳಿಗೊಮ್ಮೆ ಕಾಗದಕ್ಕೆ ಸಹಿ ಬಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ, ಅಂಥ ಕೆಲಸ ಅವಳದು.

ಆ ದಿನ ಮಧ್ಯಾಹ್ನ ಕೊನೆಯ ಸೀಸೆಯಲ್ಲಿ ಒಂಬತ್ತು ಜನರಿಗೆ ಆಗಿತ್ತು. ಹತ್ತನೆಯವರಿಗಾಗಿ ಬಾಗಿಲಿಗೆ ಬಂದು ನೋಡಿದಳು. ಬಿಸಿಲಿಗೆ ನಾಲಗೆ ಚಾಚಿ ಮಲಗಿದ್ದ ಒಂದು ನಾಯಿ ಬಿಟ್ಟರೆ ಬೀದಿಯಲ್ಲಿ ನರಪಿಳ್ಳೆ ಇರಲಿಲ್ಲ. ಇಪ್ಪತ್ತು ನಿಮಿಷ ಉಳಿದಿತ್ತು. ಅಪ್ಪನಿಗೆ ಫೋನ್ ಮಾಡಿದಳು.

"ಅಪ್ಪ, ಈಗ್ಲೇ ಬಾ. ಒಂದು ಡೋಸ್ ಉಳಿದಿದೆ."

"ಕುರ್ಚೀಲಿ ಗಿರಾಕಿ ಇದಾರೆ ಮಗಾ. ಅರ್ಧ ತಲೆ ಆಗಿದೆ."

"ಅರ್ಧ ತಲೆ ಇಟ್ಕೊಂಡು ಅವರೆಲ್ಲಿಗೆ ಓಡಿಹೋಗ್ತಾರೆ? ಬಾ ನೀನು."

ಅಪ್ಪನನ್ನೇ ಕರೆಯಲು ಇನ್ನೊಂದು ಕಾರಣವೂ ಇತ್ತು. ಅದು ಅಜ್ಜಿ. ಅಪ್ಪನನ್ನು ಹೆತ್ತವಳು, ಎಪ್ಪತ್ತೆಂಟರ ಮುದುಕಿ. ಹಿಂದಿನ ವರ್ಷ ಕೊರೊನಾ ಬಂದು ಮನೆಯ ನಾಲ್ವರನ್ನೂ ಮಲಗಿಸಿದಾಗ ಅಜ್ಜಿಗೂ ಹನ್ನೆರಡು ದಿನ ಜ್ವರ ಸುಟ್ಟಿತ್ತು. ಹದಿಮೂರನೆಯ ದಿನ ಎದ್ದು ಕೂತು ಗಂಜಿಗೆ ಉಪ್ಪೇ ಹಾಕಿಲ್ಲವೆಂದು ಸೊಸೆಯನ್ನು ಬೈದಿದ್ದಳು. ಉಪ್ಪು ಹಾಕಿತ್ತು, ಅವಳ ನಾಲಗೆ ಸತ್ತಿತ್ತು. ಅಂದಿನಿಂದ ಬಂದವರಿಗೆಲ್ಲ ಹೇಳುತ್ತಿದ್ದುದು ಒಂದೇ ಮಾತು: "ನನ್ನ ಜೊತೆ ಕುಸ್ತಿಗೆ ಬಂದು ಸೋತು ಹೋಯ್ತು. ಸೋತವರು ಮತ್ತೆ ಅದೇ ಬಾಗಿಲಿಗೆ ಬರಲ್ಲ."

"ಮೈಗೆ ಆ ಶಕ್ತಿ ಕೆಲವು ತಿಂಗಳು ಇರುತ್ತೆ ಅಜ್ಜಿ. ಆಮೇಲೆ ಮೈ ಮರೆಯುತ್ತೆ," ಎಂದು ಮೊಮ್ಮಗಳು ತನಗೆ ಕಲಿಸಿದ್ದನ್ನು ಹೇಳಿದ್ದಳು.

"ನನ್ನ ತಲೆ ಮರೀಬಹುದು, ಮೈ ಮರೆಯಲ್ಲ. ನಿನ್ನ ತಾತ ಐವತ್ತು ವರ್ಷದ ಹಿಂದೆ ಕೊಟ್ಟ ಏಟು ಈಗ್ಲೂ ಚಳಿಗೆ ನೋಯುತ್ತೆ."

ಇಂಥವಳ ಜೊತೆ ಯಾರು ವಾದ ಮಾಡುತ್ತಾರೆ? ಹಾಸ್ಟೆಲಿನ ಅಡುಗೆಮನೆಯಲ್ಲಿ ದುಡಿಯುತ್ತಿದ್ದ ಅಮ್ಮ ಆಗಲೇ ಲಸಿಕೆ ಹಾಕಿಸಿಕೊಂಡಿದ್ದಳು; ಒಂದು ದಿನ ಜ್ವರ, ಮಾರನೆಯ ದಿನ ಎದ್ದು ಬಟ್ಟೆ ಒಗೆದಳು. ಅಜ್ಜಿಗೆ ಅದು ಲೆಕ್ಕಕ್ಕಿಲ್ಲ. "ಅವಳ ರಕ್ತ ಬೇರೆ, ನಮ್ಮ ರಕ್ತ ಬೇರೆ. ನನ್ನ ಮಗನಿಗೆ ಹಿಡಿಸಿದ್ರೆ ನನಗೂ ಹಿಡಿಸುತ್ತೆ. ಮೊದಲು ನಿನ್ನಪ್ಪ ಹಾಕಿಸ್ಕೊಳ್ಳಲಿ. ಹದಿನೈದು ದಿನ ನೋಡ್ತೀನಿ. ಅವನಿಗೇನೂ ಆಗ್ಲಿಲ್ಲ ಅಂದ್ರೆ ನಾನೂ ತೋಳು ಕೊಡ್ತೀನಿ." ಒಂದು ತಿಂಗಳ ಗೋಗರೆತಕ್ಕೆ ಸಿಕ್ಕ ಮಾತು ಇಷ್ಟು. ಅಜ್ಜಿ ಕೊಟ್ಟ ಮಾತಿಗೆ ತಪ್ಪುವವಳಲ್ಲ ಎಂದು ನರ್ಸಮ್ಮನಿಗೆ ಗೊತ್ತಿತ್ತು. ಹೀಗಾಗಿ ಅಪ್ಪನ ತೋಳೆಂದರೆ ಎರಡು ತೋಳಿನ ಸಮ.

ಅಪ್ಪ ಓಡುತ್ತಲೇ ಬಂದ. ಮೈಮೇಲೆ ಕೂದಲ ಚೂರು, ಜೇಬಿನಲ್ಲಿ ಬಾಚಣಿಗೆ. ಬೀದಿಗೆ ಅವನು ಎಡಚಣ್ಣ. ಎಡಗೈಯಲ್ಲಿ ಕ್ಷೌರ ಮಾಡುವವನು ಆ ಸುತ್ತಿನಲ್ಲಿ ಅವನೊಬ್ಬನೇ. ಎಡಗೈಗೆಂದೇ ತರಿಸಿದ ಕತ್ತರಿ ಬೇರೆಯವರ ಕೈಗೆ ಹೋದರೆ ಕೂದಲನ್ನು ಕತ್ತರಿಸುತ್ತಿರಲಿಲ್ಲ, ಜಗಿಯುತ್ತಿತ್ತು. ಅವನು ತುಂಬುತೋಳಿನ ಬಿಗಿ ಅಂಗಿ ತೊಟ್ಟಿದ್ದ. ತೋಳು ಮಡಚಿದರೆ ಮೊಣಕೈಯಿಂದ ಮೇಲೆ ಏರಲಿಲ್ಲ.

"ಅಂಗಿ ಬಿಚ್ಚಪ್ಪ."

ಅವನು ಬೆಂಚಿನ ಕಡೆ ನೋಡಿದ. ಆಗಷ್ಟೆ ಲಸಿಕೆ ಹಾಕಿಸಿಕೊಂಡ ಮೂವರು ಹೆಂಗಸರು ಅರ್ಧ ಗಂಟೆ ಕಳೆಯಲೆಂದು ಅಲ್ಲಿ ಕೂತಿದ್ದರು. "ಇವರ ಮುಂದೆ ಎಂಥ ಬಿಚ್ಚೋದು ಮಗಾ," ಎಂದು ಮೇಲಿನ ಎರಡು ಗುಂಡಿ ತೆಗೆದು ಕಾಲರನ್ನು ಎಡಭುಜದಿಂದ ಕೆಳಗೆ ಜಗ್ಗಿ ಕೊಟ್ಟ. ಅವನು ಸ್ಟೂಲಿನ ಮೇಲೆ ಕೂತಿದ್ದ, ಅವಳು ನಿಂತಿದ್ದಳು. ಬೆಳಗಿನಿಂದ ಎಪ್ಪತ್ತೊಂಬತ್ತು ಎಡತೋಳು ನೋಡಿದ್ದಳು. ಎಲ್ಲರೂ ದುಡಿಯುವುದು ಬಲಗೈಯಲ್ಲಿ, ಅದಕ್ಕೇ ಎಲ್ಲರಿಗೂ ಚುಚ್ಚುವುದು ಎಡಗೈಗೆ. ಇದು ಅಪ್ಪನ ಎಡಗೈ, ತನಗೆ ಇಷ್ಟು ವರ್ಷ ಅನ್ನ ಹಾಕಿದ ಕೈ ಎಂದು ಆ ಹೊತ್ತಿಗೆ ಅವಳಿಗೆ ಹೊಳೆಯಲಿಲ್ಲ. ಗಡಿಯಾರ ನೋಡಿದಳು, ಚುಚ್ಚಿದಳು. ಅಪ್ಪ ಹಲ್ಲು ಕಚ್ಚಿ ಉಸಿರೆಳೆದುಕೊಂಡ.

"ನೋವಾಯ್ತಾ?"

"ಎಲ್ಲಿ? ನಿನ್ನ ಕೈ ಹೂವು ಕಣೆ," ಎಂದು ಬೆಂಚಿನವರಿಗೆ ಕೇಳಿಸುವಂತೆ ಹೇಳಿ, ಉಳಿದರ್ಧ ತಲೆ ಮುಗಿಸಲು ಹೋದ.

ಸಂಜೆ ಊಟಕ್ಕೆ ಕೂತಾಗ ಅಪ್ಪನ ಕೈ ತಟ್ಟೆಯಿಂದ ಬಾಯಿಯವರೆಗೆ ಬರಲಿಲ್ಲ. ಅವನೇ ಬಾಯನ್ನು ತಟ್ಟೆಯ ಕಡೆ ತಗ್ಗಿಸಿ ಉಂಡ. ಅಮ್ಮ ಹಣೆ ಮುಟ್ಟಿ ನೋಡಿದಳು. ಜ್ವರವಿರಲಿಲ್ಲ.

"ನನಗೂ ಒಂದು ದಿನ ಕೈ ಎತ್ತೋಕೆ ಆಗಿರಲಿಲ್ಲ. ನಾಳೆಗೆ ಸರಿಹೋಗುತ್ತೆ ಬಿಡಿ," ಎಂದಳು.

ಮರುದಿನ ಸರಿಹೋಗಲಿಲ್ಲ. ಆ ವಾರವೂ ಸರಿಹೋಗಲಿಲ್ಲ. ಕೈ ಎದೆಯ ಮಟ್ಟದವರೆಗೆ ಬರುತ್ತಿತ್ತು, ಅಲ್ಲಿಂದ ಮೇಲೆ ಯಾರೋ ಒಳಗಿನಿಂದ ಚಿಲಕ ಹಾಕಿದಂತೆ. ಕ್ಷೌರವೆಂದರೆ ದಿನವಿಡೀ ಕೈ ಮೇಲೆತ್ತಿಕೊಂಡೇ ಇರುವ ಕೆಲಸ. ಅಪ್ಪ ದೊಡ್ಡ ಕುರ್ಚಿಯನ್ನು ಮೂಲೆಗೆ ತಳ್ಳಿ, ಅಮ್ಮ ಪಾತ್ರೆ ತೊಳೆಯುವಾಗ ಕೂರುತ್ತಿದ್ದ ಗಿಡ್ಡ ಮಣೆಯ ಮೇಲೆ ಗಿರಾಕಿಗಳನ್ನು ಕೂರಿಸಿ ನೋಡಿದ. ಹೊಟ್ಟೆಯಿದ್ದವರು ಕೂತರೆ ಏಳಲಾಗದೆ ಕೈ ಕೊಡಿ ಎನ್ನುತ್ತಿದ್ದರು. ಕೊಡಲು ಅವನಿಗೆ ಒಂದೇ ಕೈ. ಬಲಗೈಯಲ್ಲಿ ಕತ್ತರಿ ಹಿಡಿದು ಒಬ್ಬ ಮೇಷ್ಟ್ರ ಕಿವಿಯ ತುದಿ ಕೊಯ್ದ. ಮೇಷ್ಟ್ರು ಏನೂ ಅನ್ನಲಿಲ್ಲ, ಮುಂದಿನ ಸಲ ಬರಲೂ ಇಲ್ಲ. ಹತ್ತನೆಯ ದಿನದ ಹೊತ್ತಿಗೆ ಗಡ್ಡ ಬೋಳಿಸುವುದೊಂದು ಬಿಟ್ಟು ಬೇರೆ ಕೆಲಸ ನಿಂತಿತು. ಹಾಸ್ಟೆಲು ಮುಚ್ಚಿ ಅಮ್ಮನ ಕೆಲಸ ಮೊದಲೇ ಹೋಗಿತ್ತು. ಮನೆ ಈಗ ನರ್ಸಮ್ಮನ ಸಂಬಳವೊಂದರ ಮೇಲೆ ನಿಂತಿತ್ತು. ಮೊಟ್ಟೆ ಅಜ್ಜಿಗೆ ಮಾತ್ರ, ಹಾಲು ಟೀಗೆ ಮಾತ್ರ ಎಂದಾಯಿತು.

ಅಪ್ಪನ ಅಂಗಡಿ ಮನೆಯ ಮುಂದಿನ ಕೋಣೆಯೇ. ಅಲ್ಲಿಂದ ಒಳಮನೆಗೆ ಹೋಗುವ ಬಾಗಿಲಲ್ಲಿ ಅಜ್ಜಿಯ ಬೆತ್ತದ ಕುರ್ಚಿ. ಅಂಗಡಿಯ ಮಾತು ಒಂದೂ ಅವಳ ಕಿವಿ ತಪ್ಪಿಸಿಕೊಂಡು ಹೋಗುತ್ತಿರಲಿಲ್ಲ. ಕ್ಷೌರ ನಿಂತರೂ ಮಾತು ನಿಂತಿರಲಿಲ್ಲ. ಬೆಂಚಿನ ಮೇಲೆ ಕೂತವರು ತಮ್ಮ ತಮ್ಮ ಸೂಜಿಯ ಪುರಾಣ ಬಿಚ್ಚುತ್ತಿದ್ದರು.

"ನನಗೆ ಎರಡು ದಿನ ಚಳಿಜ್ವರ. ಮೂರು ಕಂಬಳಿ ಹೊದ್ಕೊಂಡೆ."

"ನನಗೆ ಏನಂದ್ರೆ ಏನೂ ಆಗ್ಲಿಲ್ಲ. ನೀರು ಚುಚ್ಚಿದ್ರೋ ಏನೋ ಅಂತ ಅನುಮಾನ."

"ನಮ್ಮ ಭಾವನಿಗೆ ಕಂಕುಳಲ್ಲಿ ನಿಂಬೆಹಣ್ಣಿನಷ್ಟು ಗಡ್ಡೆ. ವಾರಕ್ಕೆ ಇಳೀತು."

"ಅದೆಲ್ಲ ಬಿಡಿ. ಎಡಚಣ್ಣನ ಕೈ ನೋಡಿ. ಏನಣ್ಣ, ನಿಜವಾಗ್ಲೂ ಆ ಸೂಜಿಯಿಂದ್ಲೇನಾ?" ಕೇಳಿದವರು ಎದುರಿನ ಚಪ್ಪಲಿ ಅಂಗಡಿಯ ಯಜಮಾನರು. ಹಿಂದಿನ ವರ್ಷ ಅವರಿಗೂ ಅವರ ಹೆಂಡತಿಗೂ ಕೊರೊನಾ ಬಂದು ಹೋಗಿತ್ತು.

"ಮದ್ದು ನನ್ನ ಮೈಗೆ ಹಿಡಿಸ್ಲಿಲ್ಲ," ಎಂದ ಅಪ್ಪ.

ಯಾರು ಕೇಳಿದರೂ ಅದೇ ಮಾತು. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ.

ನರ್ಸಮ್ಮನಿಗೆ ನಿಜ ಗೊತ್ತಾದದ್ದು ಹನ್ನೊಂದನೆಯ ದಿನ. ಕೇಂದ್ರದ ಬೀರುವಿನ ಬಾಗಿಲಿನ ಒಳಮೈಗೆ ತರಬೇತಿಯ ಕಾಲದಲ್ಲಿ ಅಂಟಿಸಿದ ಒಂದು ಹಾಳೆ ಇತ್ತು. ದಿನಾ ಆ ಬಾಗಿಲು ತೆಗೆಯುತ್ತಿದ್ದಳು, ಹಾಳೆ ಕಣ್ಣಿಗೆ ಬೀಳುತ್ತಿರಲಿಲ್ಲ. ಅಂದು ಹತ್ತಿ ತೆಗೆಯಲು ಹೋದವಳು ನಿಂತಳು. ಎರಡು ಚಿತ್ರ. ಒಂದರಲ್ಲಿ ತೋಳು ಪೂರ್ತಿ ಬರಿದು, ಭುಜದ ಎಲುಬಿನಿಂದ ಮೂರು ಬೆರಳು ಕೆಳಗೆ ಸೂಜಿ, ಹಾಕುವವಳೂ ಕೂತಿದ್ದಾಳೆ. ಇನ್ನೊಂದರಲ್ಲಿ ಒಬ್ಬ ಅಂಗಿಯ ಕಾಲರನ್ನು ಭುಜದಿಂದ ಜಗ್ಗಿ ಹಿಡಿದಿದ್ದಾನೆ, ನರ್ಸು ನಿಂತು ಮೇಲಿನಿಂದ ಚುಚ್ಚುತ್ತಿದ್ದಾಳೆ. ಅದರ ಮೇಲೆ ಕೆಂಪು ಗೀಟು. ಅಪ್ಪನನ್ನು ಕೂರಿಸಿಕೊಂಡೇ ಬರೆದ ಚಿತ್ರ ಎನ್ನಬೇಕು. ಕೆಳಗೆ ಬರೆದಿತ್ತು: ಮದ್ದು ಮಾಂಸಖಂಡಕ್ಕೆ ಹೋಗದೆ ಕೀಲಿಗೆ ಹೋದರೆ ಭುಜ ತಿಂಗಳುಗಟ್ಟಲೆ ಹಿಡಿದುಕೊಳ್ಳಬಹುದು. ಹತ್ತಿ ತೆಗೆಯದೆಯೇ ಬೀರುವಿನ ಬಾಗಿಲು ಮುಚ್ಚಿದಳು.

ಸಂಜೆ ಮುಲಾಮು ಹಚ್ಚುವ ನೆಪದಲ್ಲಿ ಅಪ್ಪನ ಭುಜ ಮುಟ್ಟಿ ನೋಡಿದಳು. ಎಲುಬಿನ ಅಂಚಿಗೆ ಬೆರಳಿಟ್ಟು ಕೆಳಗೆ ಅಳೆದಳು. ಒಂದು ಬೆರಳು ಇಳಿಯುವಷ್ಟರಲ್ಲಿ ಅಪ್ಪ "ಹಾ" ಎಂದು ನರಳಿದ. ಮದ್ದಿನ ತಪ್ಪಲ್ಲ, ತನ್ನ ಕೈಯ ತಪ್ಪು. ಮುಲಾಮು ಪೂರ್ತಿ ತಿಕ್ಕಿಯೇ ಎದ್ದಳು.

ಎರಡು ದಿನದ ಮೇಲೆ ಡಾಕ್ಟರಮ್ಮ ಕರೆದು ಒಂದು ನಮೂನೆ ಮುಂದಿಟ್ಟರು. ಅಡ್ಡಪರಿಣಾಮ ಆದವರ ವಿವರ ಮೇಲಕ್ಕೆ ಕಳಿಸಬೇಕು.

"ನಿಮ್ಮ ತಂದೆಯದ್ದೂ ಬರೀಬೇಕಮ್ಮ. ಬೀದೀಲೆಲ್ಲ ಅದೇ ಮಾತು. ಚುಚ್ಚಿದ ಜಾಗ ಸರಿಯಾಗಿತ್ತು ತಾನೆ?"

ಆ ತಿಂಗಳ ಕೊನೆಗೆ ಅವಳ ಆರು ತಿಂಗಳ ಕಾಗದ ಮುಗಿಯುವುದಿತ್ತು. ಹೊಸ ಸಹಿ ಹಾಕಬೇಕಾದ ಪೆನ್ನು ಡಾಕ್ಟರಮ್ಮನ ಕೈಯಲ್ಲೇ ಇತ್ತು.

"ಸರಿಯಾದ ಜಾಗಕ್ಕೇ ಡಾಕ್ಟರ್," ಎಂದಳು, ನಮೂನೆಯಲ್ಲೂ ಹಾಗೆಯೇ ಬರೆದಳು. ಸುಳ್ಳು ಇಷ್ಟು ಸಲೀಸಾಗಿ ಬರುತ್ತದೆ ಎಂದು ಅವಳಿಗೇ ಗೊತ್ತಿರಲಿಲ್ಲ.

ಹದಿನೈದು ದಿನದ ಗಡುವು ಮುಗಿದ ದಿನ ಅಜ್ಜಿ ಮಧ್ಯಾಹ್ನದ ಊಟಕ್ಕೆ ಕೂತು, ತಾನಾಗಿಯೇ ಮಾತೆತ್ತಿದಳು.

"ಏನೇ ನರ್ಸಮ್ಮ, ಇವತ್ತಿಗೆ ಹದಿನೈದು. ನಿನ್ನಪ್ಪನ ಕೈ ಎದ್ದಿಲ್ಲ. ನನ್ನ ಮಾತಿಂದ ನಾನು ಬಿಡುಗಡೆ."

"ಅಜ್ಜಿ, ಅಪ್ಪನಿಗೆ ಆದದ್ದು ಬೇರೆ. ಎಲ್ಲರಿಗೂ ಹಾಗಾಗಲ್ಲ. ನಿನಗೆ ನಾನು ಹಾಕಲ್ಲ, ಡಾಕ್ಟರಮ್ಮನ ಕೈಯಲ್ಲೇ ಹಾಕಿಸ್ತೀನಿ."

"ಸೂಜಿ ಯಾರು ಹಿಡಿದ್ರೇನು, ಒಳಗಿರೋ ಮದ್ದು ಅದೇ ತಾನೆ?"

ಅಮ್ಮ ಸೌಟನ್ನು ಪಾತ್ರೆಗೆ ಬಡಿದಳು. ಹಲವು ದಿನದಿಂದ ನುಂಗಿಕೊಂಡದ್ದು ಹೊರಗೆ ಬಂತು. "ಮನೆಗೆ ಮಾರಿ ಊರಿಗೆ ಉಪಕಾರಿ ಅಂದ್ರೆ ನೀನೇ ಕಣೆ! ಸೀಸೇಲಿ ಒಂದು ತೊಟ್ಟು ಉಳೀತು ಅಂತ ಅಪ್ಪನ್ನ ಓಡಿಸ್ಕೊಂಡು ಹೋದೆ. ಚೆಲ್ಲಿದ್ರೆ ಏನಾಗ್ತಿತ್ತು? ಈಗ ಈ ಮುದುಕಿ ಕೈನೂ ಬೇಕಾ ನಿನಗೆ?"

"ಅಮ್ಮ, ತಪ್ಪು ಮದ್ದಿಂದಲ್ಲ."

"ಮತ್ತಿನ್ಯಾರದ್ದು?"

ಅವಳು ಬಾಯಿ ತೆರೆದಳು. ಹೇಳಿಬಿಡುವುದರಲ್ಲಿದ್ದಳು, ಅಷ್ಟರಲ್ಲಿ ಅಪ್ಪ ಬಲಗೈಯಿಂದ ನೀರಿನ ಲೋಟವನ್ನು ನೆಲಕ್ಕೆ ಕುಕ್ಕಿದ.

"ಸಾಕು! ಮದ್ದು ನನಗೆ ಹಿಡಿಸ್ಲಿಲ್ಲ. ಅಷ್ಟೇ. ಊಟದ ಹೊತ್ತಲ್ಲಿ ಈ ಮಾತು ಮತ್ತೆ ಬರಬಾರದು."

"ನೋಡಿದ್ಯಾ," ಎಂದಳು ಅಜ್ಜಿ, "ಅನುಭವಿಸಿದವನೇ ಹೇಳ್ತಿದಾನೆ."

ಅಪ್ಪ ನಿಜವಾಗಿಯೂ ಹಾಗೆ ನಂಬಿದ್ದಾನೆ ಎಂದುಕೊಂಡಳು ನರ್ಸಮ್ಮ. ನಂಬಿರಲಿ ಎಂದೂ ಅಂದುಕೊಂಡಳು. ಅದಕ್ಕಾಗಿ ಅವಳಿಗೆ ಆಮೇಲೆ ತನ್ನ ಮೇಲೇ ಅಸಹ್ಯವಾಯಿತು. ಆ ಮಧ್ಯಾಹ್ನ ಮಾತ್ರ ಒಂದು ತುತ್ತು ಹೆಚ್ಚೇ ಉಂಡಳು.

ಮುಂದಿನ ಮೂರು ವಾರ ಕೇಂದ್ರದಲ್ಲಿ ಸೀಸೆಗಳು ಅರ್ಧರ್ಧ ಕಸಕ್ಕೆ ಹೋದವು. ಅವರ ಬೀದಿಯಿಂದ ಒಂದು ನರಪಿಳ್ಳೆಯೂ ಬರಲಿಲ್ಲ. ಮನೆಮನೆಗೆ ಹೋಗಿ ಕರೆದರೆ ಬಾಗಿಲಲ್ಲೇ ನಿಲ್ಲಿಸಿ, "ಮೊದಲು ನಿಮ್ಮಪ್ಪನ ಕೈ ಸರಿ ಮಾಡಮ್ಮ," ಎನ್ನುತ್ತಿದ್ದರು. ಊರ ಬಾಯಿಗೆ ಬೀಗ ಹಾಕುವುದಕ್ಕಾಗುತ್ತದೆಯೇ? ಎಡಚಣ್ಣನ ಕೈ ಒಣಗಿ ಕಡ್ಡಿಯಾಗಿದೆ ಎಂದು ಎರಡು ಬೀದಿಯಾಚೆ ಸುದ್ದಿ. ನಾಲ್ಕು ಬೀದಿಯಾಚೆ ಕೈಯನ್ನೇ ಕತ್ತರಿಸಿದ್ದಾರಂತೆ. ಒಬ್ಬ ಹೆಂಗಸು ಬಂದು ಅಂಗಡಿಯ ಕಿಟಕಿಯಲ್ಲಿ ಇಣುಕಿ, ಎರಡೂ ಕೈ ಇರುವುದು ಕಂಡು ಸ್ವಲ್ಪ ನಿರಾಸೆಯಿಂದಲೇ ಹೋದಳು. ಈ ನಡುವೆ ನರ್ಸಮ್ಮನ ಕಾಗದಕ್ಕೆ ಸಹಿ ಬಿತ್ತು. ಇನ್ನಾರು ತಿಂಗಳು ಅನ್ನಕ್ಕೆ ದಾರಿಯಾಯಿತು.

ಆರನೆಯ ವಾರ ಕೊರೊನಾ ಆ ಬೀದಿಗೆ ಮತ್ತೆ ಬಂತು. ಅಮ್ಮನಿಗೆ ಎರಡು ದಿನ ಗಂಟಲು ಕೆರೆತ, ಆಮೇಲೆ ಗುಣ. ಅಪ್ಪನಿಗೆ ಮೈಕೈ ನೋವು. ಅಜ್ಜಿಗೆ ಮೊದಲ ದಿನ ಕೆಮ್ಮು, ಮೂರನೆಯ ದಿನ ಜ್ವರ, ಐದನೆಯ ದಿನ ಬೆತ್ತದ ಕುರ್ಚಿಯಿಂದ ಹಾಸಿಗೆಗೆ ನಡೆಯುವಷ್ಟರಲ್ಲಿ ಉಗುರು ನೀಲಿ. ಬೆರಳಿಗೆ ಸಿಕ್ಕಿಸಿ ನೋಡುವ ಯಂತ್ರದಲ್ಲಿ ಬಂದ ಅಂಕಿಯನ್ನು ನರ್ಸಮ್ಮ ಯಾರಿಗೂ ಹೇಳಲಿಲ್ಲ. ಆಂಬುಲೆನ್ಸಿಗೆ ಫೋನ್ ಮಾಡಿದಳು.

ಆಸ್ಪತ್ರೆಯಲ್ಲಿ ಹಾಸಿಗೆ ಸಿಗಲು ಒಂದು ಹಗಲು ಬೇಕಾಯಿತು. ಅಷ್ಟು ಹೊತ್ತು ಓಣಿಯ ಸ್ಟ್ರೆಚರಿನ ಮೇಲೆ, ಪಕ್ಕದವನ ಜೊತೆ ಒಂದೇ ಆಮ್ಲಜನಕದ ಸಿಲಿಂಡರು. ನರ್ಸೆಂಬ ಕಾರಣಕ್ಕೆ ಅವಳೊಬ್ಬಳನ್ನು ಒಳಗೆ ಬಿಟ್ಟಿದ್ದರು.

"ಸೋತವರು ಮತ್ತೆ ಬರಲ್ಲ ಅಂದಿದ್ದೆ. ಬಂತಲ್ಲೇ," ಎಂದಳು ಅಜ್ಜಿ. ಒಂದೊಂದು ಪದಕ್ಕೂ ಒಂದು ಉಸಿರು ಬೇಕಾಗುತ್ತಿತ್ತು.

"ಮಾತಾಡ್ಬೇಡ ಅಜ್ಜಿ."

"ನನ್ನ ಮಗನ ಕೈ ಹೇಗಿದೆ?"

"ಸ್ವಲ್ಪ ಮೇಲೆ ಬರ್ತಿದೆ."

"ನಾನೂ ಹಾಕಿಸ್ಕೊಂಡಿದ್ರೆ ನನ್ನ ಕೈನೂ ಹೋಗಿರ್ತಿತ್ತು. ನೀವು ನನಗೆ ಉಣಿಸ್ಬೇಕಾಗ್ತಿತ್ತು. ಅದೊಂದು ಕಷ್ಟ ತಪ್ಪಿಸ್ದೆ ನಿಮಗೆ."

ನರ್ಸಮ್ಮ ಅಜ್ಜಿಯ ಕೈ ಹಿಡಿದುಕೊಂಡು ತಲೆ ತಗ್ಗಿಸಿದಳು. ಆಗಲಾದರೂ ಹೇಳಬಹುದಿತ್ತು. ಹೇಳಿ ಆಗಬೇಕಾದದ್ದೇನು ಎಂದು ಸುಮ್ಮನಾದಳು. ಮೂರನೆಯ ದಿನ ಬೆಳಿಗ್ಗೆ, ಅವಳು ಟೀ ತರಲು ಹೋದಾಗ ಅಜ್ಜಿ ತೀರಿಕೊಂಡಳು. ಮೈಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಜಿಪ್ ಎಳೆದು ಕೊಟ್ಟರು. ಅಪ್ಪ ಗೇಟಿನ ಹೊರಗಿನಿಂದ, ಹತ್ತು ಮಾರು ದೂರದಿಂದ ನೋಡಿದ. ಕೈ ಎತ್ತಿ ಮುಗಿಯಲು ಹೋದ. ಎಡಗೈ ಎದೆಯ ಹತ್ತಿರವೇ ನಿಂತಿತು, ಬಲಗೈ ಒಂದೇ ಮೇಲೆ ಹೋಯಿತು.

"ಸೂಜಿ ಹಾಕಿಸ್ಕೊಂಡಿದ್ರೆ ಅಜ್ಜಿ ಉಳೀತಿದ್ರಾ ಡಾಕ್ಟರ್?" ಎಂದು ಅವಳು ಡಾಕ್ಟರಮ್ಮನನ್ನು ಕೇಳಿದಳು.

"ಉಳೀತಿದ್ರು ಅಂತ ಬರೆದು ಕೊಡೋಕಾಗಲ್ಲಮ್ಮ. ಉಳಿಯೋ ಸಾಧ್ಯತೆ ತುಂಬ ಹೆಚ್ಚಿತ್ತು. ಒಂದ್ಸಲ ಬಂದು ಹೋದವರಿಗೆ ಒಂದು ಡೋಸ್ ಬಿದ್ರೂ ಮೈ ಚೆನ್ನಾಗಿ ನೆನಪು ಮಾಡ್ಕೊಳ್ಳುತ್ತೆ."

ಒಂದು ವಾರ ಕಳೆಯಿತು. ಬೆಳಿಗ್ಗೆ ಅಮ್ಮ ನೀರು ಹಿಡಿಯಲು ಹೋಗಿದ್ದಳು. ಅಂಗಡಿಯಲ್ಲಿ ಅಪ್ಪ ಗೋಡೆಗೆ ಎದುರಾಗಿ ನಿಂತು ವ್ಯಾಯಾಮ ಮಾಡುತ್ತಿದ್ದ. ಎಡಗೈಯ ಬೆರಳುಗಳನ್ನು ಗೋಡೆಯ ಮೇಲೆ ಒಂದೊಂದೇ ಹೆಜ್ಜೆ ಹತ್ತಿಸುವುದು. ಮುಟ್ಟಿದಷ್ಟು ಎತ್ತರಕ್ಕೆ ಪೆನ್ಸಿಲಿನಲ್ಲಿ ಗೀಟು ಹಾಕಿದ್ದ. ನರ್ಸಮ್ಮ ಅವನ ಹಿಂದೆ ಬಂದು ನಿಂತಳು. ಮುಖ ನೋಡಿಕೊಂಡು ಹೇಳುವ ಧೈರ್ಯವಿರಲಿಲ್ಲ, ಬೆನ್ನಿಗೆ ಹೇಳಿದಳು.

"ಅಪ್ಪ, ತಪ್ಪು ಮದ್ದಿನದ್ದಲ್ಲ. ನಾನು ಮೇಲೆ ಚುಚ್ಚಿಬಿಟ್ಟೆ. ಕೀಲಿಗೆ. ನನಗೆ ಗೊತ್ತಿತ್ತು, ಹೇಳ್ಲಿಲ್ಲ. ಹೇಳಿದ್ರೆ ಅಜ್ಜಿ ಹಾಕಿಸ್ಕೊಳ್ತಿದ್ಲು."

ಅಪ್ಪನ ಬೆರಳುಗಳು ಗೋಡೆಯ ಮೇಲೆ ನಿಂತವು.

"ಸೂಜಿ ಎಲುಬಿಗೆ ತಾಗಿದ್ದು ನನಗೆ ಗೊತ್ತಾಗಲ್ವಾ ಮಗಾ?" ಎಂದ. "ಮೂವತ್ತೈದು ವರ್ಷ ಕತ್ತರಿ, ಕತ್ತಿ ಹಿಡಿದವನು ನಾನು. ಕೈ ತಪ್ಪಿದ್ರೆ ತಪ್ಪಿದೋನಿಗೆ ಮೊದಲು ಗೊತ್ತಾಗುತ್ತೋ, ಏಟು ತಿಂದೋನಿಗೆ ಮೊದಲು ಗೊತ್ತಾಗುತ್ತೋ?"

"ಮತ್ಯಾಕೆ ಎಲ್ಲರಿಗೂ ಮದ್ದು ಮದ್ದು ಅಂದೆ?"

ಅವನು ತಿರುಗಿದ. ಕಣ್ಣು ಕೆಂಪಾಗಿತ್ತು. "ಇನ್ನೇನನ್ಲಿ? ನನ್ನ ಮಗಳಿಗೆ ಸೂಜಿ ಹಾಕೋಕೆ ಬರಲ್ಲ ಅನ್ನಲಾ? ಮಾರನೆ ದಿನವೇ ನಿನ್ನನ್ನ ಮನೆಗೆ ಕಳಿಸ್ತಿದ್ರು. ಮದ್ದಿನ ಮೇಲೆ ಹಾಕಿದ್ರೆ ಮದ್ದಿಗೇನು ಕೆಲಸ ಹೋಗುತ್ತಾ ಅಂದ್ಕೊಂಡೆ. ಯಾರಿಗೂ ನಷ್ಟ ಇಲ್ಲದ ಸುಳ್ಳು ಅಂದ್ಕೊಂಡೆ." ಅವನು ಬಾಗಿಲಿನ ಕಡೆ, ಬೆತ್ತದ ಕುರ್ಚಿಯಿದ್ದ ಜಾಗದ ಕಡೆ ನೋಡಿದ. "ಅಲ್ಲಿ ಕೂತು ಒಬ್ಬಳು ಕೇಳಿಸ್ಕೊಳ್ತಿದಾಳೆ ಅಂತ ನನಗೆ ಹೊಳೀಲೇ ಇಲ್ಲ ಮಗಾ. ನನ್ನ ಮಾತಂದ್ರೆ ಅವಳಿಗೆ ವೇದ. ಐವತ್ತು ವರ್ಷದಿಂದ ಗೊತ್ತು ನನಗೆ. ಆದ್ರೂ ಹೊಳೀಲಿಲ್ಲ."

ಇಬ್ಬರೂ ಅಳುತ್ತ ನಿಂತಿರುವುದನ್ನು ನೀರಿನ ಕೊಡ ಹೊತ್ತು ಬಂದ ಅಮ್ಮ ಕಂಡಳು. ಮುದುಕಿಯ ನೆನಪಾಯಿತೆಂದು ತಿಳಿದು, ಏನೂ ಕೇಳದೆ ಒಲೆ ಹಚ್ಚಲು ಹೋದಳು.

ಆ ದಿನವೇ ನರ್ಸಮ್ಮ ಡಾಕ್ಟರಮ್ಮನ ಮುಂದೆ ನಿಂತು, ನಮೂನೆಯಲ್ಲಿ ತಾನು ಬರೆದದ್ದು ಸುಳ್ಳೆಂದು ಹೇಳಿದಳು. ಡಾಕ್ಟರಮ್ಮ ಬೈದಿದ್ದರೆ ಚೆನ್ನಾಗಿತ್ತು, ಬೈಯಲಿಲ್ಲ. ಸೂಜಿ ಮುಟ್ಟಬಾರದು, ಮೇಲಿನಿಂದ ಉತ್ತರ ಬರುವವರೆಗೆ ಬಾಗಿಲಲ್ಲಿ ಚೀಟಿ ಬರೆಯುವ ಕೆಲಸ ಎಂದರು. ಉತ್ತರ ಏನು ಬರುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು. ಮನೆಗೆ ಬಂದು ಅಮ್ಮನಿಗೂ ಎಲ್ಲ ಹೇಳಿದಳು. "ಇಬ್ಬರೂ ಸೇರಿ ಆ ಮುದುಕೀನ..." ಎಂದಳು ಅಮ್ಮ. ಎರಡು ದಿನ ತಟ್ಟೆಗೆ ಅನ್ನ ಹಾಕಿ ನೆಲದ ಮೇಲೆ ಅವರ ಕಡೆ ತಳ್ಳುತ್ತಿದ್ದಳು.

ಭಾನುವಾರ ಅಪ್ಪ ಮತ್ತೆ ಅಂಗಡಿ ತೆರೆದ. ಕೈ ಈಗ ಗಲ್ಲದ ಮಟ್ಟಕ್ಕೆ ಬರುತ್ತಿತ್ತು. ಗಿಡ್ಡ ಮಣೆಯ ಮೇಲೆ ಕೂತವರ ಕೂದಲು ನಿಧಾನಕ್ಕೆ ಕತ್ತರಿಸಬಹುದಿತ್ತು; ಕನ್ನಡಿ ಎತ್ತಿ ಹಿಂದಲೆ ತೋರಿಸಲು ನರ್ಸಮ್ಮ ಬೇಕಾಗಿತ್ತು. ಮೊದಲು ಕೂತವರು ಚಪ್ಪಲಿ ಅಂಗಡಿಯ ಯಜಮಾನರು. ಬೆಂಚಿನ ಮೇಲೆ ಇನ್ನಿಬ್ಬರು.

"ಯಜಮಾನ್ರೇ," ಎಂದ ಅಪ್ಪ, ಕತ್ತರಿ ನಿಲ್ಲಿಸಿ, "ನನ್ನ ಕೈ ಹೀಗಾಗಿದ್ದು ಮದ್ದಿಂದಲ್ಲ. ನಾನು ಅಂಗಿ ಬಿಚ್ಚೋಕೆ ನಾಚ್ಕೊಂಡೆ, ಇವಳು ಅವಸರದಲ್ಲಿ ಮೇಲೆ ಚುಚ್ಚಿಬಿಟ್ಲು. ಮದ್ದು ಒಳ್ಳೇದೇ. ನೀವೂ ಹಾಕಿಸ್ಕೊಳ್ಳಿ, ಮನೆಯವರಿಗೂ ಹಾಕಿಸಿ."

ಯಜಮಾನರು ಕನ್ನಡಿಯಲ್ಲಿ ಅವನನ್ನು ನೋಡಿದರು, ಆಮೇಲೆ ಕನ್ನಡಿ ಹಿಡಿದವಳನ್ನು ನೋಡಿದರು. ಅವರ ಮುಖದಲ್ಲಿ ಕರುಣೆ ಬಂತು.

"ಗೊತ್ತಾಗುತ್ತೆ ಎಡಚಣ್ಣ. ನಮಗೂ ಹೆಣ್ಣುಮಕ್ಕಳಿದ್ದಾರೆ. ಮಗಳ ಕೆಲಸ ಉಳೀಬೇಕು, ಅದಕ್ಕೆ ಹೀಗೆ ಹೇಳಿ ಅಂತ ಮೇಲಿನವರು ಹೇಳಿಸ್ತಿದಾರೆ. ಹೇಳಿ, ತಪ್ಪಿಲ್ಲ. ಹೆತ್ತ ಕರುಳು."

"ಇಲ್ಲ ಸ್ವಾಮಿ," ಎಂದಳು ನರ್ಸಮ್ಮ. "ನಿಜ ಹೇಳಿದ್ದಕ್ಕೆ ನನ್ನ ಕೆಲಸ ಹೋಗ್ತಾ ಇದೆ."

"ನೋಡಿದ್ರಾ," ಎಂದರು ಅವರು ಬೆಂಚಿನ ಕಡೆ ತಿರುಗಿ, "ಅಪ್ಪನ ಕೈ ಹೋಯ್ತು, ಮಗಳ ಕೆಲಸ ಹೋಯ್ತು, ಎಲ್ಲಾ ಬಡವರ ತಲೆ ಮೇಲೇನೇ. ಮದ್ದು ಮಾಡಿದವರಿಗೆ ಏನಾದ್ರೂ ಆಯ್ತಾ?" ಬೆಂಚಿನವರು ತಲೆಯಾಡಿಸಿದರು. "ನಮಗೆ ಬಿಡಿ, ಒಂದ್ಸಲ ಬಂದು ಹೋಗಿದೆ. ನನಗೂ, ಮನೆಯವಳಿಗೂ. ಮೈ ಗಟ್ಟಿಯಾಗಿದೆ."

ಅಪ್ಪನ ದನಿ ಏರಿತು. ಜೀವಮಾನದಲ್ಲಿ ಅವನು ಗಿರಾಕಿಯ ಮೇಲೆ ದನಿ ಏರಿಸಿದವನಲ್ಲ. "ನನ್ನಮ್ಮನೂ ಹೀಗೇ ಅಂತಿದ್ಲು ಕಣ್ರೀ! ನನ್ನ ಮಾತು ನಂಬಿ ಸತ್ತಳು ಅವಳು!"

ಯಜಮಾನರು ಹೆಗಲ ಮೇಲಿನ ಬಟ್ಟೆಯೊಳಗಿನಿಂದ ಕೈ ತೆಗೆದು, ಅಪ್ಪನ ಸೊಂಟವನ್ನು ಮೆಲ್ಲಗೆ ತಟ್ಟಿದರು.

"ಛೆ ಛೆ, ಹಾಗೆಲ್ಲ ಮನಸ್ಸಿಗೆ ಹಚ್ಕೋಬೇಡಿ. ಅವರಿಗೆ ವಯಸ್ಸಾಗಿತ್ತಲ್ಲ."

ಅಪ್ಪ ಉಳಿದ ಕೂದಲು ಕತ್ತರಿಸಿದ. ನರ್ಸಮ್ಮ ಹಿಂದೆ ನಿಂತು ಕನ್ನಡಿ ಎತ್ತಿ ತೋರಿಸಿದಳು. ಚೆನ್ನಾಗಿ ಬಂದಿದೆ ಎಂದು ಯಜಮಾನರು ಎದ್ದರು, ಕೇಳಿದ್ದಕ್ಕಿಂತ ಹೆಚ್ಚೇ ಕೊಟ್ಟರು, ಬೇಡವೆಂದರೂ ಕೇಳಲಿಲ್ಲ. ಅಪ್ಪ ಬಟ್ಟೆಯ ಮೇಲಿನ ಕೂದಲನ್ನು ಬಾಗಿಲಾಚೆ ಕೊಡವಿಕೊಂಡು ಬಂದು, ಬೆಂಚಿನ ಮೇಲಿದ್ದವನಿಗೆ ಮಣೆ ತೋರಿಸಿದ.

"ಬಾ, ಕೂತ್ಕೋ. ನನ್ನ ಕೈಗೆ ಏನಾಯ್ತು ಅಂತ ನಿನಗೂ ಹೇಳ್ತೀನಿ."

"ಗೊತ್ತು ಬಿಡಣ್ಣ," ಎಂದು ಅವನು ಕೂತು, ಕಣ್ಣು ಮುಚ್ಚಿ ತಲೆ ಬಗ್ಗಿಸಿದ.